ಆನ್‌ಲೈನ್ ಸಹಜ ಹೆರಿಗೆ ಕೋರ್ಸ್: ಮೊದಲ ಪಾಠಗಳು ಚೆನ್ನ, ಕೊನೆಯ ಪಾಠ ಅಪಾಯ

ಚೊಚ್ಚಲ ಹೆರಿಗೆಗೆ ಅಣ್ಣಿಗೇರಿ ಹತ್ತಿರದ ನಮ್ಮೂರಿಗೆ ಬಂದ ತಂಗಿ ದುಡ್ಡು ಕೊಟ್ಟು ಈ ಕೋರ್ಸ್ ಸೇರಿದ್ದಳು. ಅವಳ ಜೊತೆ ಕೂತು ನಾನೂ ಪೂರ್ತಿ ನೋಡಿದೆ. ಹೆಸರು ಹಾಕಲ್ಲ, ಯಾಕಂದ್ರೆ ಇಂಥವು ಈಗ ಸುಮಾರಿವೆ.

ಮೊದಲ ಪಾಠಗಳು ನಿಜಕ್ಕೂ ಚೆನ್ನಾಗಿವೆ. ಬ್ಯಾನಿ ಬಂದಾಗ ಉಸಿರು ಹೇಗೆ ಬಿಡಬೇಕು, ಅಂಗಾತ ಮಲಗುವ ಬದಲು ಹೇಗೆ ಓಡಾಡಬೇಕು, ಗೋಡೆ ಹಿಡಿದು ಕುಕ್ಕರಗಾಲಲ್ಲಿ ಹೇಗೆ ಕೂರಬೇಕು, ಎಲ್ಲಾ ಮಾಡಿ ತೋರಿಸ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸಲಹೆಯೂ ಇದೇ. ತಂಗಿಗೆ ಇದರಿಂದ ಧೈರ್ಯ ಬಂತು.

ಕೊನೆಯ ಪಾಠಕ್ಕೆ ಮಾತ್ರ ನನಗೆ ಸಿಟ್ಟು ಬಂತು. ಡಾಕ್ಟರ್ ಬೇಡ, ನರ್ಸ್ ಬೇಡ, ಇಂಜೆಕ್ಷನ್ ಬೇಡ, ದೇಹಕ್ಕೆ ಎಲ್ಲಾ ಗೊತ್ತಿದೆ, ಹಿಂದಿನವರು ಹೀಗೇ ಹಡೆದರು ಅಂತಾರೆ. ಇದನ್ನು ಕೇಳಿ ಅವ್ವ, "ನಮ್ಮ ಕಾಲಕ್ಕ ಸೂಲಗಿತ್ತಿ ಇರ್ತಿದ್ಲು, ಒಬ್ಬಾಕಿನ್ನ ಯಾರ್ ಬಿಡ್ತಿದ್ರವಾ?" ಅಂದಳು. ಪಾವಗಡದ ಸೂಲಗಿತ್ತಿ ನರಸಮ್ಮ 2018ರಲ್ಲಿ ಪದ್ಮಶ್ರೀ ಪಡೆದದ್ದು ಸಾವಿರಾರು ಬಾಣಂತಿಯರ ಪಕ್ಕದಲ್ಲಿ ನಿಂತದ್ದಕ್ಕೇ ಅಲ್ವಾ? ಅದೇ ವರ್ಷ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲೇ ಹೆರಿಗೆಗೆ ಹೋದ ಶಿಕ್ಷಕಿಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡರು.

ಕೋರ್ಸ್‌ನಲ್ಲಿ ರಕ್ತಸ್ರಾವದ ಬಗ್ಗೆ ಒಂದು ಮಾತೂ ಇಲ್ಲ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ರಕ್ತ ಹರಿಯುತ್ತೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡರೆ ಸರಿ, ಇಲ್ಲದಿದ್ದರೆ ರಕ್ತ ನಿಲ್ಲಲ್ಲ. ಅದಕ್ಕೇ ಮಗು ಹುಟ್ಟಿದ ಕೂಡಲೇ ಅದನ್ನು ಮುದುಡಿಸುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಕೊಡೋದು. ತಂಗಿಯದು ಒಂಬತ್ತು ತಿಂಗಳೂ ಬಿಪಿ ಸರಿ, ಸ್ಕ್ಯಾನ್ ಸರಿ, ಆಸ್ಪತ್ರೆಯಲ್ಲಿ ಆದ ಹೆರಿಗೆಯೂ ಸಹಜವೇ. ಆ ಇಂಜೆಕ್ಷನ್ ಕೊಟ್ಟ ಮೇಲೂ ಅವಳಿಗೆ ರಕ್ತ ಹೋಗೋಕೆ ಶುರುವಾಯ್ತು. ನರ್ಸ್ ಒಂದು ಕೈಯಿಂದ ಕಿಬ್ಬೊಟ್ಟೆ ತಿಕ್ಕುತ್ತಾ, ಗಟ್ಟಿಯಾಯ್ತಾ ಅಂತ ಒತ್ತಿ ನೋಡುತ್ತಾ, ಇನ್ನೊಂದು ಕೈಯಿಂದ ತೊಯ್ದ ಬಟ್ಟೆ ತೆಗೆದು ಪಕ್ಕಕ್ಕಿಡುತ್ತಾ ಡಾಕ್ಟರ್‌ರನ್ನು ಕೂಗಿದರು. ಡ್ರಿಪ್ ಹಾಕಿ ಮತ್ತೆ ಔಷಧಿ ಕೊಟ್ಟ ಮೇಲೆ ನಿಂತಿತು. ಇದೇ ನಮ್ಮ ಮನೆಯಲ್ಲಾಗಿದ್ದರೆ ಮಳೆಗಾಲದ ಎರೆ ಮಣ್ಣಿನ ದಾರಿ ದಾಟಿ, ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ ಮುಟ್ಟೋಕೇ ಎಷ್ಟು ಹೊತ್ತು ಬೇಕಿತ್ತು! ಜೋರು ರಕ್ತಸ್ರಾವ ಎರಡು ತಾಸಿನೊಳಗೆ ಜೀವ ತೆಗೆಯಬಲ್ಲದು.

ಹಾಗಂತ ಇಂಥ ಕೋರ್ಸ್ ಹುಡುಕುವ ಹೆಣ್ಣುಮಕ್ಕಳನ್ನು ನಾನು ಬೈಯಲ್ಲ. 1992-93ರಲ್ಲಿ ದೇಶದಲ್ಲಿ ನೂರರಲ್ಲಿ 26 ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019-21ರ ಹೊತ್ತಿಗೆ ಅದು 89ರ ಹತ್ತಿರ ಬಂತು. ಜೀವ ಉಳಿಯಿತು, ಆದರೆ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಸಿಸೇರಿಯನ್. ಅದರ ಮೇಲೆ ಹೆರಿಗೆ ಕೋಣೆಯಲ್ಲಿ ಬೈಗುಳ, ಏನೂ ಹೇಳದೆ ಕೇಳದೆ ಹೆರಿಗೆ ದಾರಿಗೆ ಕತ್ತರಿ ಹಾಕೋದು. ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಆಸ್ಪತ್ರೆಗಳೂ ನಿಧಾನಕ್ಕೆ ಬದಲಾಗ್ತಿವೆ: ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸೋಕೆ 2017ರಲ್ಲಿ ಶುರುವಾದ ಲಕ್ಷ್ಯ ಯೋಜನೆಯಲ್ಲಿ ಹೆರಿಗೆ ಹೊತ್ತಿಗೆ ನಮ್ಮವರೊಬ್ಬರು ಜೊತೆಗಿರಬಹುದು. ತಂಗಿಯ ಪಕ್ಕ ಅವ್ವ ಇದ್ದಳು, ಕೋರ್ಸ್‌ನಲ್ಲಿ ಕಲಿತ ಹಾಗೆ ಅವಳ ಸೊಂಟ ಒತ್ತುತ್ತಿದ್ದಳು.

ನನ್ನ ಕಡೆಯಿಂದ ಎರಡು ಸ್ಟಾರ್, ಅವೂ ಮೊದಲ ಪಾಠಗಳಿಗೆ. ಕೊನೆಯ ಪಾಠ ತೆಗೆಯಿರಿ ಅಂತ ಕೋರ್ಸ್‌ನವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಈಗಾಗಲೇ ಸೇರಿದವರು ಉಸಿರಾಟ, ಓಡಾಟ ಕಲಿತುಕೊಳ್ಳಿ, ತಾಯಿ ಕಾರ್ಡ್ ಜೋಪಾನವಾಗಿಡಿ, ಬ್ಯಾನಿ ಶುರುವಾದರೆ 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಬೇಕಾದರೆ ರಕ್ತ, ಎಲ್ಲಾ ಉಚಿತ.