ನಿಯಮದಿಂದ ಕೃಪೆಗೆ: ಸಭೆಯನ್ನು ತಿರುಗಿಸುವ ಮೂರು ದಾರಿಗಳ ಹೋಲಿಕೆ

ನಿಯಮಗಳ ಬಿಗಿಯಲ್ಲಿ ಬೆಳೆದ ಕ್ರೈಸ್ತ ಸಭೆಯನ್ನು ಕೃಪೆಯ ಕಡೆಗೆ, ಅಂದರೆ ದೇವರ ದಯೆ ನಿಯಮ ಪಾಲಿಸಿ ಗಳಿಸುವುದಲ್ಲ, ಉಚಿತವಾಗಿ ಸಿಗುವುದು ಎಂಬ ನಂಬಿಕೆಯ ಕಡೆಗೆ, ತಿರುಗಿಸಲು ಮೂರು ದಾರಿಗಳಿವೆ. ವೇದಿಕೆಯಿಂದ ಒಂದೇ ಸಲ ಸಾರುವುದು, ಸದ್ದಿಲ್ಲದೆ ಸಡಿಲ ಬಿಡುವುದು, ವಾಕ್ಯ ಓದುತ್ತಾ ಒಂದೊಂದೇ ನಿಯಮವನ್ನು ಬಿಡಿಸುವುದು. ಮೂರನ್ನೂ ಮಾಡಿ ನೋಡಿದ ಮೇಲೆ ನಮ್ಮ ಒಲವು ಮೂರನೆಯದಕ್ಕೆ.

ಒಂದೇ ಸಲ ಸಾರಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವರ್ಲ್ಡ್‌ವೈಡ್ ಚರ್ಚ್ ಆಫ್ ಗಾಡ್‌ಗಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಕಟ್ಟಿದ ಆ ಸಭೆಯಲ್ಲಿ ಶನಿವಾರದ ಸಬ್ಬತ್ (ವಿಶ್ರಾಂತಿ ದಿನ), ಯೆಹೂದ್ಯ ಹಬ್ಬಗಳು, ಹಂದಿಮಾಂಸದ ನಿಷೇಧ ಎಲ್ಲವೂ ಕಡ್ಡಾಯವಾಗಿದ್ದವು. ದಶಮಾಂಶವೂ (ಆದಾಯದ ಹತ್ತರಲ್ಲೊಂದು ಪಾಲು) ಮೂರು ಬಗೆ: ಒಂದು ಸಭೆಗೆ, ಎರಡನೆಯದು ಕುಟುಂಬದ ಹಬ್ಬದ ಪ್ರಯಾಣಕ್ಕೆ, ಏಳು ವರ್ಷದ ಸುತ್ತಿನ 3 ಮತ್ತು 6ನೇ ವರ್ಷದಲ್ಲಿ ಮೂರನೆಯದು ವಿಧವೆಯರಿಗೂ ಬಡವರಿಗೂ. ಆರ್ಮ್‌ಸ್ಟ್ರಾಂಗ್ 1986ರಲ್ಲಿ ತೀರಿಕೊಂಡ ಮೇಲೆ ಸಣ್ಣಪುಟ್ಟ ನಿಯಮಗಳು ನಿಧಾನಕ್ಕೆ ಸಡಿಲಗೊಂಡವು. ಆದರೆ 1994ರ ಡಿಸೆಂಬರ್‌ನಲ್ಲಿ ಅವರ ನಂತರ ಸಭೆಯ ಮುಖ್ಯಸ್ಥರಾದ ಜೋಸೆಫ್ ಟ್ಕಾಚ್ ಒಂದೇ ದೀರ್ಘ ಪ್ರಸಂಗದಲ್ಲಿ, ಹಳೆಯ ಒಡಂಬಡಿಕೆಯ ಈ ಕಟ್ಟಳೆಗಳು ಕ್ರೈಸ್ತರಿಗೆ ಕಡ್ಡಾಯವಲ್ಲ ಎಂದರು. ಹೇಳಿದ್ದು ಸುವಾರ್ತೆಯೇ, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೂ 1995ರಲ್ಲೇ ಅನೇಕ ಪಾಸ್ಟರುಗಳು ಹೊರಬಂದು ಯುನೈಟೆಡ್ ಚರ್ಚ್ ಆಫ್ ಗಾಡ್ ಕಟ್ಟಿಕೊಂಡರು, ಆದಾಯ ಕುಸಿಯಿತು, 1997ರಲ್ಲಿ ಸಭೆಯ ವಿಶ್ವವಿದ್ಯಾಲಯ ಮುಚ್ಚಿತು. ಉಳಿದವರು ಗಟ್ಟಿಯಾಗಿ ನಿಂತರು. 2009ರಿಂದ ಅವರ ಹೆಸರು ಗ್ರೇಸ್ ಕಮ್ಯುನಿಯನ್ ಇಂಟರ್‌ನ್ಯಾಷನಲ್.

ಈ ದಾರಿಯ ಗುಣ ಅದರ ನೇರತನ: ಯಾರಿಗೂ ಗೊಂದಲ ಉಳಿಯುವುದಿಲ್ಲ. ಕೊರತೆಯೆಂದರೆ, ಸಭೆ ನಡೆಸುವ ಹಿರಿಯರಿಗೂ ಜನರಿಗೂ ಸುದ್ದಿ ಒಂದೇ ದಿನ ಮುಟ್ಟಿದರೆ, ಸೋಮವಾರ ಮನೆಮನೆಯಲ್ಲಿ ಏಳುವ ಪ್ರಶ್ನೆಗೆ ಉತ್ತರ ಹೇಳುವವರು ಇರುವುದಿಲ್ಲ.

ಸದ್ದಿಲ್ಲದೆ ಸಡಿಲ ಬಿಡುವ ದಾರಿಯನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ. ಒಡವೆ ಬೇಡವೆನ್ನುವ ಸಭೆಯಲ್ಲಿ ಪಾಸ್ಟರಮ್ಮ ಬಳೆ ತೊಟ್ಟರೆ ನಡೆಯುತ್ತದೆ, ಕೂಲಿ ಮಾಡುವ ಅಕ್ಕ ತೊಟ್ಟರೆ ಹಳೆಯ ನಿಯಮ ನೆನಪಾಗುತ್ತದೆ.

ಮೂರನೆಯ ದಾರಿಗೆ ಕಡಿಮೆಯೆಂದರೂ ಆರು ತಿಂಗಳು ಬೇಕು. ಮೊದಲು ಹಿರಿಯರು ಮಾತ್ರ ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಓದಿ ಮುಗಿಸಲಿ. ಅವರಲ್ಲಿ ಒಮ್ಮತ ಬರುವ ತನಕ ಸಭೆಗೆ ತರಬೇಡಿ. ಆಮೇಲೆ ಎಂಟು-ಹತ್ತು ಜನರ ಮನೆಕೂಟಗಳಲ್ಲಿ ಎರಡು ವಾರಕ್ಕೊಂದು ಅಧ್ಯಾಯ; ಆರು ಅಧ್ಯಾಯಕ್ಕೆ ಮೂರು ತಿಂಗಳು. ಮೂರನೆಯ ಅಧ್ಯಾಯ ಮುಗಿಯುವವರೆಗೆ ನಿರ್ದಿಷ್ಟ ನಿಯಮದ ಚರ್ಚೆ ಬೇಡ, ಇಲ್ಲದಿದ್ದರೆ ಕೂಟ ಪಂಚಾಯಿತಿಯಾಗಿಬಿಡುತ್ತದೆ. ಹೆಚ್ಚು ಎಡವುವುದು ಐದನೆಯ ಅಧ್ಯಾಯದಲ್ಲಿ: ಸ್ವಾತಂತ್ರ್ಯದ ಮೊದಲ ವಚನಕ್ಕೆ ಕುಣಿದಾಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿರಿ ಎನ್ನುವ 13ನೆಯ ವಚನಕ್ಕೆ ಬರುವ ಮೊದಲೇ ನಿಲ್ಲಿಸುತ್ತಾರೆ.

ನಂತರ ರೋಮಾಪುರದವರಿಗೆ 14ನೇ ಅಧ್ಯಾಯ ಹಿಡಿದು ಒಂದೊಂದೇ ನಿಯಮ. ದಕ್ಷಿಣ ಭಾರತದ ಹಲವು ಪೆಂತೆಕೊಸ್ತ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೆ ಮುಂಚೆ ಒಡವೆ ಕಳಚಿಸುತ್ತಾರೆ. ಆ ನಿಯಮ ತೆಗೆಯುವಾಗ ಹೆಚ್ಚು ನೋಯುವವರು ಮೂವತ್ತು ವರ್ಷ ಬರಿಗೊರಳಲ್ಲಿ ಬಂದ ಅಮ್ಮಂದಿರು. ನಮ್ಮ ತ್ಯಾಗ ವ್ಯರ್ಥವಾಯಿತೇ ಎಂದು ಅವರು ಕೇಳುತ್ತಾರೆ. 6ನೇ ವಚನ ಅವರಿಗೇ ಇರುವ ಮಾತು: ಬಿಟ್ಟವನೂ ಕರ್ತನಿಗಾಗಿಯೇ ಬಿಟ್ಟಿದ್ದಾನೆ. ಇದನ್ನು ಅವರ ಮನೆಗೆ ಹೋಗಿ ಹೇಳಬೇಕು, ಮೈಕಿನಲ್ಲಲ್ಲ.

ಹಣದಲ್ಲಿ ಮಾತ್ರ ಮೊದಲ ದಾರಿಯ ನೇರತನವೇ ಸರಿ. ದಶಮಾಂಶ ಕೊಟ್ಟವರ ಹೆಸರು ಓದುವ ಪದ್ಧತಿಯನ್ನು ಒಂದೇ ಭಾನುವಾರ ನಿಲ್ಲಿಸಿ, ಹೆಸರಿಲ್ಲದ ಕವರ್ ಇಡಿ, ಸಂತೋಷದಿಂದ ಕೊಡುವವನನ್ನು ದೇವರು ಪ್ರೀತಿಸುತ್ತಾನೆ ಎನ್ನುವ 2 ಕೊರಿಂಥ 9:7 ಓದಿ. ಅದಕ್ಕೆ ಮುಂಚೆ ಎರಡು ಕೆಲಸ ಆಗಿರಬೇಕು. ಬಾಡಿಗೆ, ಕರೆಂಟ್ ಬಿಲ್, ಪಾಸ್ಟರ್ ಸಂಬಳ ಸೇರಿಸಿ ಕನಿಷ್ಠ ಮೂರು ತಿಂಗಳ ಖರ್ಚು ಕೈಯಲ್ಲಿರಲಿ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಕಾಣಿಕೆ ಇಳಿಯುತ್ತದೆ. ವಿಧವೆಯರ ಅಕ್ಕಿ, ಔಷಧಿಯ ಹಣವನ್ನು ಬೇರೆ ಖಾತೆಗೆ ಹಾಕಿ, ಇಬ್ಬರು ಹಿರಿಯರ ಸಹಿ ಇಲ್ಲದೆ ತೆಗೆಯಲಾಗದಂತೆ ಮಾಡಿ. ಕಾಣಿಕೆ ಕುಸಿದ ತಿಂಗಳಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.