ಹೊಸ ಗಾಡಿಗೆ ಯಾವ ಘಾಟಿ? ಶಿರಾಡಿ, ಚಾರ್ಮಾಡಿ, ಆಗುಂಬೆ

ಹೊಸ ಬೈಕು ತೆಗೆದುಕೊಂಡು ಬೆಂಗಳೂರಿನಿಂದ ಕರಾವಳಿಗೆ ಹೊರಟವರು ಯಾವ ಘಾಟಿಯಲ್ಲಿ ಹೋಗಲಿ ಎಂದು ಕೇಳಿದರೆ ನನ್ನ ಉತ್ತರ ಚಾರ್ಮಾಡಿ. ರಸ್ತೆ ಚೆನ್ನಾಗಿರುವುದು ಶಿರಾಡಿಯಲ್ಲಿ. ಹೆಸರು ಇರುವುದು ಆಗುಂಬೆಗೆ. ಆದರೆ ಗಾಡಿಯ ಸ್ವಭಾವ ಗೊತ್ತಾಗುವುದು ಚಾರ್ಮಾಡಿಯಲ್ಲೇ. ಒಂದೇ ಬೈಕನ್ನು ಮೂರೂ ಘಾಟಿಗಳಲ್ಲಿ ಓಡಿಸಿದ ಮೇಲೆ ಹೇಳುತ್ತಿದ್ದೇನೆ.

ಬೈಕು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಆಯುಧ ಪೂಜೆಗೆ ಮನೆಗೆ ಬಂತು. 349 ಸಿಸಿಯ ಒಂದೇ ಸಿಲಿಂಡರ್, ಐದು ಗೇರು, 195 ಕೆ.ಜಿ. ತೂಕ, 13 ಲೀಟರ್ ಟ್ಯಾಂಕು. ಇದರಲ್ಲಿ ಆರ್‌ಪಿಎಂ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರ್ ಇಲ್ಲ. ಇಂಜಿನ್ ಸುಖವಾಗಿದೆಯೋ ಒದ್ದಾಡುತ್ತಿದೆಯೋ ಎಂದು ಕಿವಿಯಲ್ಲೇ ತಿಳಿಯಬೇಕು. ಅದಕ್ಕೇ ಮೊದಲ ಉದ್ದದ ದಾರಿ ಯಾವುದು ಅನ್ನುವ ಪ್ರಶ್ನೆಗೆ ಇಷ್ಟು ಮಹತ್ವ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಿವಿಗೆ ಕೇಳಿಸುವುದು ಪಕ್ಕದ ಆಟೋದ ಸದ್ದು ಮಾತ್ರ.

ಹೊಸ ಇಂಜಿನ್ ಪಳಗಿಸುವುದರ ಬಗ್ಗೆ ಎರಡು ಮಾತು. ಮೊದಲ 500 ಕಿ.ಮೀ. ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ತಿರುಚಬೇಡಿ ಅನ್ನುವುದು ಎಲ್ಲರಿಗೂ ಗೊತ್ತು. ಅಷ್ಟೇ ಮುಖ್ಯವಾದ ಇನ್ನೊಂದನ್ನು ಜನ ಮರೆಯುತ್ತಾರೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಸರಿಯಾಗಿ ಕೂರಬೇಕಾದರೆ ಇಂಜಿನ್ ಮೇಲೆ ಭಾರ ಬೀಳಬೇಕು, ಇಳಿಯಬೇಕು, ಮತ್ತೆ ಬೀಳಬೇಕು. ನೆಲಮಂಗಲದಿಂದ ಹಾಸನದವರೆಗೆ ಹೆದ್ದಾರಿಯಲ್ಲಿ 70ರಲ್ಲಿ ಕಟ್ಟಿಹಾಕಿದ ಹಾಗೆ ಓಡಿಸಿದರೆ ನಾವು ಸಭ್ಯರಾಗಿ ಕಾಣಬಹುದು. ಇಂಜಿನ್‌ಗೆ ಅದರಿಂದ ಜಾಸ್ತಿ ಉಪಯೋಗವಿಲ್ಲ. ಘಾಟಿಯಲ್ಲಿ ಆ ಏರಿಳಿತ ತಾನಾಗಿಯೇ ಸಿಗುತ್ತದೆ. ಆದರೆ ಎಲ್ಲ ಘಾಟಿಯಲ್ಲೂ ಒಂದೇ ಥರ ಅಲ್ಲ.

ಇನ್ನೊಂದು ವಿಷಯ ಟೈರು. ಹೊಸ ಟೈರಿನ ಮೈ ನುಣುಪು, ಸ್ವಲ್ಪ ಜಾರುತ್ತದೆ. ಊರೊಳಗೆ ನೂರಿನ್ನೂರು ಕಿ.ಮೀ. ಓಡಿಸಿದರೆ ಸವೆದು ಹಿಡಿತ ಬರುವುದು ನಡುವಿನ ಪಟ್ಟಿಗೆ ಮಾತ್ರ. ಎರಡೂ ಅಂಚು ಶೋರೂಮಿನಿಂದ ಬಂದ ಹಾಗೇ ಮಿಂಚುತ್ತಿರುತ್ತವೆ. ಗಾಡಿ ವಾಲಿಸಿದಾಗ ರಸ್ತೆಗೆ ತಾಗುವುದು ಆ ಅಂಚು. ಅಂದರೆ ಘಾಟಿಯ ಮೊದಲ ತಿರುವಿನಲ್ಲಿ ನಿಮ್ಮ ಟೈರು ಇನ್ನೂ ಹೊಚ್ಚ ಹೊಸದು, ಓಡೋಮೀಟರ್ ಎಷ್ಟೇ ತೋರಿಸಲಿ.

ದೀಪಾವಳಿಗೆ ಬೆಳ್ತಂಗಡಿ ಕಡೆಯ ನಮ್ಮ ಊರಿಗೆ ಹೋಗುವಾಗ ಮೊದಲು ಇಳಿದದ್ದು ಶಿರಾಡಿ. ಭಾವ ಫೋನಿನಲ್ಲಿ, "ಸುಮ್ನೆ ಶಿರಾಡಿಯಲ್ಲಿ ಬಾ ಮಾರಾಯ, ರಸ್ತೆ ಲಾಯ್ಕ ಉಂಟು" ಅಂದಿದ್ದರು. ರಸ್ತೆ ಲಾಯ್ಕ ಇದ್ದದ್ದು ನಿಜ. ಮಾರನಹಳ್ಳಿಯಿಂದ ಕೆಳಗೆ ಕಾಂಕ್ರೀಟು, ಪಕ್ಕದಲ್ಲೇ ಕೆಂಪುಹೊಳೆ, ಮೇಲೆ ಕಾಡಿನ ನೆರಳು. ತಿರುವುಗಳೂ ಅಗಲ. ಕಾರಿನವರಿಗೆ ಇದಕ್ಕಿಂತ ಸುಖದ ದಾರಿ ಇಲ್ಲ.

ಆದರೆ ಇದು ರಾಷ್ಟ್ರೀಯ ಹೆದ್ದಾರಿ 75. ಮಂಗಳೂರಿನ ಬಂದರಿಗೆ ಹೋಗುವ ಲಾರಿ, ಅಲ್ಲಿಂದ ಬರುವ ಗ್ಯಾಸ್ ಟ್ಯಾಂಕರ್, ರಾತ್ರಿ ಬಸ್ಸು, ಎಲ್ಲಕ್ಕೂ ಇದೇ ದಾರಿ. ಹಬ್ಬದ ಮುನ್ನಾದಿನ ಬೇರೆ. ಟ್ಯಾಂಕರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕು. ಅದು ತಿರುವಿನಲ್ಲಿ ಇನ್ನೂ ನಿಧಾನ ಮಾಡಿದರೆ ನಾವು ಕ್ಲಚ್ ಹಿಡಿಯಬೇಕು. ಎದುರು ಖಾಲಿ ಕಂಡರೆ ಹಿಂದಿಕ್ಕುವ ಆಸೆ. ಹಿಂದಿಕ್ಕಲು ಥ್ರಾಟಲ್ ಪೂರ್ತಿ ಬೇಕು, ಅದನ್ನೇ ಅಲ್ವಾ ಮಾಡಬೇಡಿ ಅಂದದ್ದು? ಹೀಗಾಗಿ ಘಾಟಿ ಇಳಿದು ಗುಂಡ್ಯ ಮುಟ್ಟುವಷ್ಟರಲ್ಲಿ ನನಗೆ ಗೊತ್ತಾದದ್ದು ಕ್ಲಚ್ ಎಲ್ಲಿ ಕಚ್ಚುತ್ತದೆ ಅನ್ನುವುದೊಂದೇ. ಬೆಂಗಳೂರಿನ ಟ್ರಾಫಿಕ್ ಅದನ್ನು ಆಗಲೇ ಹೇಳಿಕೊಟ್ಟಿತ್ತು. ಗಾಡಿಯ ವೇಗವನ್ನು ನಾನಲ್ಲ, ಮುಂದಿನ ಲಾರಿ ತೀರ್ಮಾನಿಸಿತ್ತು. ಪೆರಿಯಶಾಂತಿಯಲ್ಲಿ ಬಲಕ್ಕೆ ತಿರುಗಿ ಧರ್ಮಸ್ಥಳದ ಕಡೆ ಕಾಡಿನ ರಸ್ತೆ ಹಿಡಿದ ಮೇಲೆಯೇ ಬೈಕಿನ ಸದ್ದು ಬೈಕಿನ ಸದ್ದಿನ ಹಾಗೆ ಕೇಳಿಸಿದ್ದು.

ಶಿರಾಡಿಗೆ ಒಂದು ಅಂಕ ಕೊಡಲೇಬೇಕು. ಏನಾದರೂ ಕೆಟ್ಟರೆ ಸಹಾಯ ಬೇಗ ಸಿಗುತ್ತದೆ. ಸಕಲೇಶಪುರ, ನೆಲ್ಯಾಡಿ, ಉಪ್ಪಿನಂಗಡಿ, ಎಲ್ಲ ಕಡೆ ಗ್ಯಾರೇಜು, ಪಂಚರ್ ಅಂಗಡಿ ಇವೆ. ಒಂಟಿಯಾಗಿ ಹೋಗುವವರಿಗೆ, ಕತ್ತಲಾದ ಮೇಲೆ ಇಳಿಯಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ.

ಊರಿಗೆ ಮುಟ್ಟುವಾಗ 500 ದಾಟಿತ್ತು. ಹಬ್ಬ ಮುಗಿಸಿ ಪುತ್ತೂರಿನಲ್ಲಿ ಮೊದಲ ಸರ್ವಿಸ್ ಮಾಡಿಸಿದೆ. ಮೊದಲ ಆಯಿಲ್ ಹೊರಗೆ ಬರುವಾಗ ಒಮ್ಮೆ ನೋಡಿ. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿ ಉದುರಿದ ಲೋಹದ ಹುಡಿ ಅದರಲ್ಲಿ ಸಣ್ಣಗೆ ಮಿನುಗುತ್ತದೆ. ಅದಕ್ಕೇ ಈ ಸರ್ವಿಸನ್ನು ಮುಂದೂಡಬಾರದು. ಆಯಿಲ್ ಬದಲಾದ ಮೇಲೆ ಗೇರು ಬೀಳುವ ಸದ್ದೇ ಮೆತ್ತಗಾಯಿತು. ಮೆಕ್ಯಾನಿಕ್ ಕೀ ಕೊಡುತ್ತಾ, "ಚಾರ್ಮಾಡಿ ಹತ್ತಿ ಹೋಗಿ, ಆದರೆ ಟಾಪ್ ಗೇರಲ್ಲಿ ಎಳೆಯಬೇಡಿ ಮಾರಾಯ್ರೆ" ಅಂದರು.

ಚಾರ್ಮಾಡಿ ರಾಷ್ಟ್ರೀಯ ಹೆದ್ದಾರಿ 73ರಲ್ಲಿದೆ. ಕೆಳಗೆ ಉಜಿರೆ, ಮೇಲೆ ಕೊಟ್ಟಿಗೆಹಾರ. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಭಾರೀ ಲಾರಿಗಳನ್ನು ಈ ಘಾಟಿಗೆ ಬಿಡುವುದಿಲ್ಲ. ಅಲ್ಲಲ್ಲಿ ತಡೆಗೋಡೆ ಕಟ್ಟಿದ್ದಾರೆ, ಕೆಲವು ಕಡೆ ರಸ್ತೆ ಕಿರಿದು. ಒಟ್ಟಿನಲ್ಲಿ ಶಿರಾಡಿಯಷ್ಟು ನುಣುಪಲ್ಲ. ಆದರೆ ಎದುರಿಗೆ ಟ್ಯಾಂಕರಿನ ಬೆನ್ನಿಲ್ಲ.

ಹತ್ತುವಾಗ ಗೊತ್ತಾಯಿತು ಈ ಬೈಕಿಗೆ ಏನು ಇಷ್ಟ ಅಂತ. ಇದರ ಪೂರ್ತಿ ಎಳೆತ, 27 ಎನ್‌ಎಂ ಟಾರ್ಕ್, ಸಿಗುವುದು 4000 ಆರ್‌ಪಿಎಂನಲ್ಲಿ. ಮೂರನೇ ಗೇರಿನಲ್ಲಿ 40ರ ಆಸುಪಾಸು ಇದ್ದರೆ ಏರಿನಲ್ಲೂ ಹದವಾಗಿ ಎಳೆಯುತ್ತದೆ. ಅದೇ ಏರಿಗೆ ನಾಲ್ಕಕ್ಕೆ ಹಾಕಿದರೆ ಸದ್ದು ಬೇರೆಯಾಗುತ್ತದೆ. ತಗ್ಗಿನ ದನಿಯಲ್ಲಿ ಕುಟ್ಟಿದ ಹಾಗೆ, ಹ್ಯಾಂಡಲ್ಲಿಗೂ ನಡುಕ. ಮೆಕ್ಯಾನಿಕ್ ಎಳೆಯಬೇಡಿ ಅಂದದ್ದು ಇದನ್ನೇ. ನಿಧಾನ ಹೋದರೆ ಇಂಜಿನ್‌ಗೆ ಒಳ್ಳೆಯದು ಅಂದುಕೊಂಡು ದೊಡ್ಡ ಗೇರಿನಲ್ಲಿ ಹೊಸ ಗಾಡಿಯನ್ನು ಏರಿಗೆ ಹಚ್ಚುವವರು ತುಂಬಾ ಜನ. ಸ್ವಲ್ಪ ಜೋರಾಗಿ ತಿರುಗುವುದಕ್ಕಿಂತ ಭಾರ ಹೊತ್ತು ನಿಧಾನಕ್ಕೆ ತಿರುಗುವುದೇ ಅದಕ್ಕೆ ಹಿಂಸೆ. ಎರಡು ಮೂರು ತಿರುವು ದಾಟುವಷ್ಟರಲ್ಲಿ ಕಿವಿಗೆ ಅಭ್ಯಾಸವಾಗಿ ಕಾಲು ತಾನಾಗಿಯೇ ಗೇರು ಇಳಿಸುತ್ತಿತ್ತು.

ಚಾರ್ಮಾಡಿಯ ಗುಣ ಇರುವುದು ತಿರುವುಗಳ ಬೆರಕೆಯಲ್ಲಿ. ಒಂದು ಹೇರ್‌ಪಿನ್ (ರಸ್ತೆ ಪೂರ್ತಿ ಹಿಂದಕ್ಕೆ ಮಡಚುವ ತಿರುವು), ಆಮೇಲೆ ಸ್ವಲ್ಪ ಉದ್ದದ ಏರು, ಆಮೇಲೆ ಅಗಲವಾದ ಬಳುಕು, ಮತ್ತೊಂದು ಹೇರ್‌ಪಿನ್. ಟೈರಿನ ಅಂಚು ನಿಧಾನಕ್ಕೆ, ಹೆದರಿಕೆ ಇಲ್ಲದೆ ಸವೆಯುತ್ತದೆ. ಇಂಜಿನ್‌ಗೆ ಭಾರ ಬೀಳುತ್ತದೆ, ಇಳಿಯುತ್ತದೆ. ಎರಡನೇ ಗೇರಿನಿಂದ ನಾಲ್ಕರವರೆಗೆ ಎಲ್ಲಕ್ಕೂ ಕೆಲಸ. ಬಿಡುವು ಬೇಕಾದರೆ ಗಾಡಿ ನಿಲ್ಲಿಸಲು ಜಾಗವೂ ಇದೆ. ಮಂಜು ಸರಿದರೆ ಬಾಳೆಕಲ್ಲು, ಕೊಡೆಕಲ್ಲು ಗುಡ್ಡಗಳು ಕಾಣುತ್ತವೆ. ಮೇಲೆ ಮುಟ್ಟಿದ ಮೇಲೆ ಕೊಟ್ಟಿಗೆಹಾರದ ನೀರುದೋಸೆ. ಅದಕ್ಕೂ ಬೈಕಿಗೂ ಸಂಬಂಧವಿಲ್ಲ, ಆದರೂ ನನ್ನ ಲೆಕ್ಕದಲ್ಲಿ ಚಾರ್ಮಾಡಿಗೆ ಒಂದು ಅಂಕ ಜಾಸ್ತಿ.

ಮುಂದೊಂದು ಸಲ ಇದೇ ಘಾಟಿಯಲ್ಲಿ ಇಳಿದೆ. ಇಳಿಯುವಾಗಿನ ಪಾಠ ಬೇರೆ. ನಮ್ಮ ಕಡೆ ಕೆಲವರಿಗೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಹುಚ್ಚು. ಕಾರ್ಬುರೇಟರ್ ಕಾಲದ ಲೆಕ್ಕ ಅದು. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಥ್ರಾಟಲ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಇಂಜಿನ್ ಆರದಿರಲು ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಮೂರನೇ ಗೇರಿನಲ್ಲಿ ಥ್ರಾಟಲ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ, ಹೇರ್‌ಪಿನ್‌ಗೆ ಮುಂಚೆ ಎರಡಕ್ಕೆ ಇಳಿಸಿದರೆ ಬ್ರೇಕಿಗೆ ಅರ್ಧ ಕೆಲಸ ಕಡಿಮೆ. ಹೊಸ ಬ್ರೇಕ್ ಪ್ಯಾಡ್ ಕೂಡ ಡಿಸ್ಕಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಮುಂಚೆ ಘಾಟಿಯುದ್ದಕ್ಕೂ ಒತ್ತಿ ಹಿಡಿದರೆ ಬಿಸಿಗೆ ಮೇಲ್ಮೈ ಗಾಜಿನ ಹಾಗಾಗಿ ಹಿಡಿತ ಕಡಿಮೆಯಾಗುತ್ತದೆ. ಒತ್ತಿ ಬಿಡಬೇಕು, ಒತ್ತಿ ಬಿಡಬೇಕು. ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಕೊಡಬೇಕು ಅನ್ನುವ ನಿಯಮ ನೆನಪಿರಲಿ. ಎದುರಿಗೆ ಬರುವ ಕೆಂಪು ಬಸ್ಸಿನ ಡ್ರೈವರಿಗೆ ಅದು ಚೆನ್ನಾಗಿ ನೆನಪಿರುತ್ತದೆ.

ಆಗುಂಬೆಗೆ ಹೋದದ್ದು ಹೆಬ್ರಿಯಲ್ಲಿ ಹೆಂಡತಿಯ ಅಕ್ಕನ ಮನೆಯ ಕಾರ್ಯಕ್ರಮಕ್ಕೆ. ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 169ಎ, ಮೇಲಿನಿಂದ ಸೋಮೇಶ್ವರದವರೆಗೆ 14 ಹೇರ್‌ಪಿನ್‌ಗಳು. ಉಳಿದೆರಡಕ್ಕೆ ಹೋಲಿಸಿದರೆ ಗಿಡ್ಡ ಘಾಟಿ, ಆದರೆ ತಿರುವುಗಳು ಒಂದರ ಬೆನ್ನಿಗೊಂದು. ಈ ಸಲ ಹಿಂದೆ ಹೆಂಡತಿ, ಜೊತೆಗೆ ಒಂದು ಬ್ಯಾಗು. ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿಯನ್ನು ಆರು ಹಂತದಲ್ಲಿ ಹೊಂದಿಸಬಹುದು. ಎರಡು ಹಂತ ಏರಿಸಿಕೊಂಡೇ ಹೊರಟೆ. ಇಬ್ಬರು ಕೂತಾಗ ಹಿಂಭಾಗ ಕುಸಿದರೆ ಮುಂದಿನ ಚಕ್ರ ಹಗುರಾಗಿ ತಿರುವಿನಲ್ಲಿ ಗಾಡಿ ಮೊಂಡು ಹಿಡಿಯುತ್ತದೆ.

ಆಗುಂಬೆಯಲ್ಲಿ ಗಾಡಿಯ ತೂಕ ಗೊತ್ತಾಗುತ್ತದೆ. ಇಳಿಯುವಾಗ ಎರಡನೇ ಗೇರು ಜಾಸ್ತಿ ಅನ್ನಿಸುತ್ತದೆ, ಒಂದಕ್ಕೆ ಹಾಕಿದರೆ ಜಗ್ಗುತ್ತದೆ. ನಡುವೆ ಕ್ಲಚ್ಚಿನಲ್ಲಿ ಹದ ಮಾಡಬೇಕು. ಎದುರಿನಿಂದ ಮಿನಿ ಬಸ್ಸು ಬಂದು ತಿರುವಿನ ಪೂರ್ತಿ ಅಗಲ ಹಿಡಿದರೆ ಇಳಿಜಾರಿನಲ್ಲೇ ಕಾಲೂರಿ ನಿಲ್ಲಬೇಕು. 195 ಕೆ.ಜಿ. ಜೊತೆಗೆ ಹಿಂದಿನವರು. ಬಿಸಿಲು ಬೀಳದ ಅಂಚಿನಲ್ಲಿ ಪಾಚಿ, ತಿರುವಿನಲ್ಲಿ ಕೋತಿಗಳು. ಗಾಡಿಯನ್ನು ಚೆನ್ನಾಗಿ ಬಲ್ಲವರಿಗೆ ಇದು ಸಂತೋಷದ ರಸ್ತೆ. ಕ್ಲಚ್ಚು ಬ್ರೇಕು ಇನ್ನೂ ಕೈಗೆ ಕೂರದವರಿಗೆ ನೋಟ ನೋಡಲೂ ಪುರುಸೊತ್ತಿಲ್ಲ. ಸೂರ್ಯಾಸ್ತದ ಹೊತ್ತಿಗಂತೂ ಕಾರುಗಳ ಸಾಲು. ನಾನು ಸರ್ವಿಸ್ ಮುಗಿಸಿ, ಚಾರ್ಮಾಡಿಯಲ್ಲಿ ಹತ್ತಿಳಿದು ಆಮೇಲೆ ಹೋದದ್ದರಿಂದ ಸಲೀಸಾಯಿತು. "ಚಾರ್ಮಾಡಿಗಿಂತ ಇಲ್ಲಿ ಕಮ್ಮಿ ಬೈತಿದ್ದೀರಿ" ಅಂದಳು ಹಿಂದೆ ಕೂತವಳು.

ಪೆಟ್ರೋಲಿನ ವಿಷಯದಲ್ಲಿ ಮೂರಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಲೀಟರಿಗೆ 35ರ ಆಸುಪಾಸು. ಚಾರ್ಮಾಡಿಗಾದರೆ ಮೂಡಿಗೆರೆಯಲ್ಲೋ ಉಜಿರೆಯಲ್ಲೋ, ಆಗುಂಬೆಗಾದರೆ ತೀರ್ಥಹಳ್ಳಿಯಲ್ಲೋ ಹೆಬ್ರಿಯಲ್ಲೋ ಹಾಕಿಸಿಕೊಂಡರೆ ಚಿಂತೆ ಇಲ್ಲ. ಬಿಸಿಲೆ ಘಾಟಿಯನ್ನು ಹೊಸ ಗಾಡಿಗೆ ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ದಟ್ಟ ಕಾಡು, ಆನೆಗಳ ಓಡಾಟ, ಗಾಡಿ ನಿಂತರೆ ಕೇಳುವವರಿಲ್ಲ.

ಮಳೆಗಾಲದಲ್ಲಿ ಈ ಹೋಲಿಕೆ ಪೂರ್ತಿ ತಲೆಕೆಳಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಘಾಟಿ ಒಳ್ಳೆಯದು ಅನ್ನುವುದಕ್ಕಿಂತ ಯಾವುದು ತೆರೆದಿದೆ ಅನ್ನುವುದೇ ಪ್ರಶ್ನೆ. ಶಿರಾಡಿಯೂ ಗುಡ್ಡ ಕುಸಿದು ಎಷ್ಟೋ ಸಲ ಮುಚ್ಚಿದೆ. ಆಗ ಹೊಸ ಗಾಡಿ ತೆಗೆದುಕೊಂಡವರು ಮೊದಲ 500 ಕಿ.ಮೀ. ಬಯಲುಸೀಮೆಯಲ್ಲೇ ಮುಗಿಸಿ, ದಸರಾ ಕಳೆದ ಮೇಲೆ ಘಾಟಿ ಇಳಿಯಲಿ. ಆಗಲೂ ಕರಾವಳಿಯಲ್ಲಿ ಸಂಜೆಯ ಗುಡುಗು ಮಳೆ ಇರುತ್ತದೆ, ಮಧ್ಯಾಹ್ನದೊಳಗೆ ಉಜಿರೆ ಮುಟ್ಟುವ ಹಾಗೆ ಬೆಂಗಳೂರು ಬಿಡಿ.