ಹಳೇ ಕಾರಿಗೆ ಆಕ್ಸಿಜನ್ ಸೆನ್ಸರ್: ಕಪ್ಲರ್ ಸಮೇತ ಬರೋದನ್ನೇ ತಗೊಳ್ಳಿ

ಎಂಜಿನ್ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ಅಳೆಯೋ ಆಕ್ಸಿಜನ್ ಸೆನ್ಸರ್ ಮೂರು ಥರ ಸಿಗುತ್ತೆ: ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರೋದು, ಬಾಷ್, ಡೆನ್ಸೊ, ಎನ್‌ಟಿಕೆ ಥರದ ತಯಾರಕರು ಆಯಾ ಮಾಡೆಲ್‌ಗೆ ಅಂತಲೇ ಕಪ್ಲರ್ (ವೈರಿನ ತುದಿಯ ಪ್ಲಗ್) ಹಾಕಿ ಮಾರೋದು, ವೈರ್ ಕತ್ತರಿಸಿ ಜೋಡಿಸೋ ಯೂನಿವರ್ಸಲ್. ಮೂರನ್ನೂ ಹಾಕಿ ಓಡಿಸಿದ್ದೇನೆ. ನನ್ನ ಓಟು ಎರಡನೆಯದಕ್ಕೆ.

ಯೂನಿವರ್ಸಲ್ ಎಲ್ಲಕ್ಕಿಂತ ಅಗ್ಗ. ಆದರೆ ತಲೆನೋವು ಶುರುವಾಗೋದೇ ವೈರ್ ಬಣ್ಣದಿಂದ. ನಾಲ್ಕು ವೈರಿನ ಬಾಷ್ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರ್ ಸೆನ್ಸರನ್ನು ಬೇಗ ಬಿಸಿ ಮಾಡೋ ಒಳಗಿನ ಹೀಟರ್‌ಗೆ, ಕಪ್ಪು ಸಿಗ್ನಲ್‌ಗೆ, ಬೂದು ಗ್ರೌಂಡ್‌ಗೆ. ಡೆನ್ಸೊದಲ್ಲಿ ಎರಡು ಕಪ್ಪು ಹೀಟರ್‌ಗೆ, ನೀಲಿ ಸಿಗ್ನಲ್‌ಗೆ, ಬಿಳಿ ಗ್ರೌಂಡ್‌ಗೆ. ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ ಅಂತ ಸೇರಿಸಿದರೆ 1 ವೋಲ್ಟ್‌ಗಿಂತ ಕಡಿಮೆ ಬರಬೇಕಾದ ಸಿಗ್ನಲ್ ಲೈನಿಗೆ ಹೀಟರ್‌ನ 12 ವೋಲ್ಟ್ ನುಗ್ಗಬಹುದು. ಹಾಗಾಗಿ ಮೊದಲು ಮಲ್ಟಿಮೀಟರ್ ಹಿಡಿದು ಹೀಟರ್ ಜೋಡಿ ಯಾವುದು ಅಂತ ಹುಡುಕಬೇಕು. ಆ ಎರಡು ವೈರ್ ನಡುವೆ ಕೆಲವೇ ಓಮ್ ತೋರಿಸುತ್ತೆ.

ಬಣ್ಣ ಸರಿಹೋದರೂ ಜಾಯಿಂಟ್ ಕಾಟ ತಪ್ಪಲ್ಲ. ಬೆಸುಗೆ ಹಾಕೋ ಹಾಗಿಲ್ಲ, ಯಾಕಂದ್ರೆ ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಸೀಸ ಹರಿದರೆ ಆ ದಾರಿ ಮುಚ್ಚಿಹೋಗುತ್ತೆ. ಕ್ರಿಂಪ್ ಮಾಡಿಸಿದ್ದ (ಲೋಹದ ತುಂಡಿನೊಳಗೆ ವೈರ್ ಇಟ್ಟು ಅದುಮಿಸಿದ್ದ) ನನ್ನ ಜಾಯಿಂಟ್ ಒಂದೇ ಮಳೆಗಾಲಕ್ಕೆ ಸೋತಿತು. ಚೆಕ್ ಎಂಜಿನ್ ಲೈಟ್ ಬಂತು, ಸ್ಕ್ಯಾನರ್‌ನಲ್ಲಿ ಪಿ0135 ಅನ್ನೋ ಕೋಡ್, ಅಂದರೆ ಹೀಟರ್ ಸರ್ಕ್ಯೂಟ್‌ನಲ್ಲಿ ದೋಷ. ಸ್ಲೀವ್ ಸೀಳಿ ನೋಡಿದರೆ ತಾಮ್ರದ ಎಳೆಗಳಿಗೆಲ್ಲ ಹಸಿರು ಕಿಲುಬು. ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಸೆನ್ಸರ್ ಮಾತ್ರ ಚೆನ್ನಾಗೇ ಇತ್ತು.

ಕಪ್ಲರ್ ಇರೋದರಲ್ಲಿ ಈ ರಗಳೆ ಯಾವುದೂ ಇಲ್ಲ. ಕ್ಲಿಕ್ ಅಂದರೆ ಮುಗೀತು. ಬಿಸಿಯಾದ ಮೇಲೆ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಸಿಗ್ನಲ್ 0.1ರಿಂದ 0.9 ವೋಲ್ಟ್ ಮಧ್ಯೆ ಚಕಚಕ ಅಂತ ಏರಿಳಿಯೋದನ್ನ ನೋಡೋದೇ ಖುಷಿ.

ಕಾರು ಕಂಪನಿ ಪೆಟ್ಟಿಗೆಯದು ಒಳ್ಳೇದೇ. ಆದರೆ ನಾನು ಕೊಂಡ ಸೆನ್ಸರ್ ಮೈಮೇಲೆ ಒತ್ತಿದ್ದದ್ದು ಸೆನ್ಸರ್ ತಯಾರಕರ ಗುರುತೇ, ಹೆಚ್ಚಿನ ದುಡ್ಡು ಪೆಟ್ಟಿಗೆಗೆ ಹೋಯಿತು.

ಒಂದು ಎಚ್ಚರಿಕೆ: ಕೆಲವು ಹಳೇ ಕಾರುಗಳಲ್ಲಿ ಟೈಟಾನಿಯಾ ಸೆನ್ಸರ್ ಇರುತ್ತೆ. ಅದು ವೋಲ್ಟೇಜ್ ಹುಟ್ಟಿಸಲ್ಲ, ಅದರ ರೆಸಿಸ್ಟೆನ್ಸ್ ಬದಲಾಗುತ್ತೆ. ಅಲ್ಲಿಗೆ ವೋಲ್ಟೇಜ್ ಹುಟ್ಟಿಸೋ ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ನಡೆಯಲ್ಲ. ಬಿಚ್ಚಿದ ಸೆನ್ಸರ್ ಮೇಲಿನ ಪಾರ್ಟ್ ನಂಬರ್ ನೋಡಿಯೇ ಆರ್ಡರ್ ಮಾಡಿ.

ಕಾರನ್ನು ಇನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳೋ, ಸ್ಪ್ಯಾನರ್ ತಾನೇ ಹಿಡಿಯೋ ನನ್ನಂಥವರಿಗೆ ಕಪ್ಲರ್ ಇರೋದಕ್ಕೆ ಕೊಡೋ ಹೆಚ್ಚಿನ ದುಡ್ಡು ದಂಡ ಅಲ್ಲ. ನಿಮ್ಮ ಮಾಡೆಲ್‌ಗೆ ಅದು ಸಿಗೋದೇ ಇಲ್ಲ ಅಂದಾಗ ಮಾತ್ರ ಯೂನಿವರ್ಸಲ್ ತಗೊಳ್ಳಿ, ಜೊತೆಗೆ ನೀರು ಹೋಗದ ಕ್ರಿಂಪ್ ಕಿಟ್ ಕೇಳಿ ಪಡೆಯಿರಿ.